ಅಕ್ಟೋಬರ್ 21ಕ್ಕೆ ಲೋಕ ಮುಗಿಯುತ್ತೆ ಅಂತ ತೋಟಕ್ಕೆ ಔಷಧಿ ಹೊಡೆಸಲಿಲ್ಲ

ಲೋಕದ ಕೊನೆಗಾಲದ ಮಹಾ ಸಂಕಟಕ್ಕೆ ಮೊದಲೇ ಸಭೆ, ಅಂದರೆ ಕ್ರಿಸ್ತನನ್ನು ನಂಬಿದವರು, ಮೇಲಕ್ಕೆ ಎತ್ತಲ್ಪಡುತ್ತದೋ ಆಮೇಲೋ, ಯಾವ ವ್ಯಾಖ್ಯಾನ ಸರಿ ಅಂತ ಕೇಳಿದ್ದೀರಿ. ಕರ್ತನಾದ ಯೇಸು ಮತ್ತೆ ಬರುವ ದಿನ ಹತ್ತಿರ ಇರುವಾಗ ಬಿ.ಎಡ್. ಯಾಕೆ ಅಂತ ಪ್ರಾರ್ಥನಾ ಗುಂಪಿನವರು ಹೇಳುತ್ತಿದ್ದಾರೆ ಅಂತಲೂ ಬರೆದಿದ್ದೀರಿ. ಆ ಸಾಲು ಓದಿ ನನಗೆ 2011 ನೆನಪಾಯಿತು.

ನಮ್ಮದು ಹೊಸನಗರದ ಕಡೆ ಒಂದೂಕಾಲು ಎಕರೆ ಅಡಿಕೆ ತೋಟ. ಆ ವರ್ಷ ಅಪ್ಪ ಬೆನ್ನುನೋವಿನಿಂದ ಹಾಸಿಗೆ ಹಿಡಿದಿದ್ದರು. ತೋಟ ನನ್ನ ಕೈಗೆ ಬಂತು. ನನಗಾಗ 23. ನ್ಯಾಯತೀರ್ಪಿನ ದಿನ ಯಾವುದು ಅನ್ನುವ, ಅಮೆರಿಕದ ಒಬ್ಬ ರೇಡಿಯೋ ಬೋಧಕರ ಲೆಕ್ಕ ಗೆಳೆಯರಿಂದ ಸಿಕ್ಕಿತ್ತು. ನೋಹನ ಜಲಪ್ರಳಯ ಕ್ರಿ.ಪೂ. 4990ರಲ್ಲಿ. ಕರ್ತನಿಗೆ ಒಂದು ದಿನ ಸಾವಿರ ವರ್ಷದ ಹಾಗೆ ಅಂತ ಪೇತ್ರನ ಪತ್ರದಲ್ಲಿದೆ. ಪ್ರಳಯಕ್ಕೆ ಮುಂಚೆ ದೇವರು ನೋಹನಿಗೆ ಹೇಳಿದ ಏಳು ದಿನಕ್ಕೆ 7000 ವರ್ಷ. ಸೊನ್ನೆ ವರ್ಷ ಇಲ್ಲ ಅನ್ನೋದನ್ನೂ ಸೇರಿಸಿದರೆ 2011, ಮೇ 21. ನಾನೇ ನೋಟ್‌ಬುಕ್‌ನಲ್ಲಿ ಕೂಡಿ ನೋಡಿದೆ. ಸರಿಯಾಗಿ ಬಂತು.

ಮೇ 21 ಶನಿವಾರ ಏನೂ ಆಗದೆ ಕಳೆಯಿತು. ನನ್ನ ದೊಡ್ಡ ತಪ್ಪು ಅದಲ್ಲ, ಅದರ ಮುಂದಿನ ವಾರದ್ದು. ಅವತ್ತು ಬಂದದ್ದು ಕಣ್ಣಿಗೆ ಕಾಣದ ನ್ಯಾಯತೀರ್ಪು, ಲೋಕ ಮುಗಿಯೋದು ಅಕ್ಟೋಬರ್ 21ಕ್ಕೆ ಅಂತ ಆ ಬೋಧಕರು ಹೇಳಿದರು. ನಾನು ಹೂಂ ಅಂದೆ. ಮೇ ಕೊನೆಯಿಂದ ಅಕ್ಟೋಬರ್ ಅಂದರೆ ನಮ್ಮಲ್ಲಿ ಏನು ಗೊತ್ತಲ್ಲ? ಪೂರ್ತಿ ಮಳೆಗಾಲ. ಮಳೆ ಜೋರಾಗುವ ಮುಂಚೆ ಕೊಳೆರೋಗ ತಡೆಯೋಕೆ ಒಂದು ಸುತ್ತು ಬೋರ್ಡೋ ದ್ರಾವಣ ಹೊಡೆಸಬೇಕು, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಹೆಚ್ಚೆಂದರೆ ಎರಡು ದಿನದ ಕೆಲಸ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ತಾನಾಗಿಯೇ ಬಂದು "ಯಾವಾಗ ಹೊಡೆಯೋಣ?" ಅಂತ ಕೇಳಿದ. ಆಮೇಲೆ ಹೇಳ್ತೀನಿ ಅಂತ ಕಳಿಸಿಬಿಟ್ಟೆ. ಅಪ್ಪ ಕೇಳಿದಾಗ "ಹೊಡೆಸಿದೆ" ಅಂದೆ. ಕರ್ತನನ್ನು ಎದುರು ನೋಡುತ್ತಾ ಹೆತ್ತ ಅಪ್ಪನಿಗೆ ಸುಳ್ಳು ಹೇಳಿದೆ. ಜುಲೈನಲ್ಲಿ ಮಳೆ ಬಿಡುವು ಕೊಟ್ಟ ನಾಲ್ಕು ದಿನ ಇತ್ತು, ಆಗಲಾದರೂ ಹೊಡೆಸಬಹುದಿತ್ತು. ಅದನ್ನೂ ಬಿಟ್ಟೆ.

ಪುಷ್ಯ ಮಳೆಗೆ ಕೊಳೆರೋಗ ಹತ್ತಿತು. ಬೆಳಿಗ್ಗೆ ತೋಟಕ್ಕೆ ಹೋದರೆ ಕಾಲಿಟ್ಟಲ್ಲೆಲ್ಲ ಹಸಿ ಕಾಯಿ, ಮೇಲೆ ಬಿಳಿ ಬೂಷ್ಟು. ಅಮ್ಮ ಬುಟ್ಟಿ ತಂದು ಹೆಕ್ಕಿದರು. ಒಂದು ಕಾಯಿ ಅಪ್ಪನ ಹಾಸಿಗೆ ಹತ್ತಿರ ಹೋಯಿತು. ಅಪ್ಪ ಹೆಬ್ಬೆರಳಿನಿಂದ ತೊಟ್ಟಿನ ಹತ್ತಿರ ಉಜ್ಜಿ ನೋಡಿದರು. ಔಷಧಿ ಬಿದ್ದಿದ್ದರೆ ನೀಲಿ ಕಲೆ ಇರುತ್ತೆ. ಇರಲಿಲ್ಲ. ನನ್ನನ್ನು ಏನೂ ಕೇಳಲಿಲ್ಲ. ಮುಂದಿನ ವರ್ಷ ಬೆನ್ನು ಹಿಡಿದುಕೊಂಡೇ ತಾವೇ ತೋಟಕ್ಕಿಳಿದು ನಿಂತು ಹೊಡೆಸಿದರು.

1844ರ ಅಕ್ಟೋಬರ್ 22ಕ್ಕೆ ಕ್ರಿಸ್ತನು ಬರುತ್ತಾನೆ ಅಂತ ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಅನ್ನುವ ಬೋಧಕನ ಹಿಂದೆ ಹೋದವರಲ್ಲಿ ಕೆಲವು ರೈತರು ಬೆಳೆ ಕೊಯ್ಯದೆ ಹೊಲದಲ್ಲೇ ಬಿಟ್ಟಿದ್ದರಂತೆ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಸಂಕಟಕ್ಕೆ ಮೊದಲೇ ಎತ್ತಲ್ಪಡುತ್ತೇವೆ ಅನ್ನುವ ಬೋಧನೆ ಹರಡಿದ್ದು 1830ರ ದಶಕದಿಂದ, ಜಾನ್ ನೆಲ್ಸನ್ ಡಾರ್ಬಿ ಅನ್ನುವ ಬೋಧಕರ ಕಾಲದಲ್ಲಿ. 1909ರಲ್ಲಿ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳು ಅದನ್ನು ಮನೆಮನೆಗೆ ತಂದವು. ಅಡಿಟಿಪ್ಪಣಿ ವಚನ ಅಲ್ಲ, ಇದು ನೆನಪಿರಲಿ. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 20ನೇ ಅಧ್ಯಾಯದಲ್ಲಿ ಬರುವ ಕ್ರಿಸ್ತನ ಆಳ್ವಿಕೆಯ ಸಾವಿರ ವರ್ಷ ಅಂದರೆ ಈಗ ನಡೆಯುತ್ತಿರುವ ಸಭೆಯ ಕಾಲವೇ ಅಂತ ಹಳೆಯ ಕಾಲದ ಬಿಷಪ್ ಆಗಸ್ಟೀನ್ ಓದಿದರು. ಕಥೋಲಿಕರೂ ಹಳೆಯ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಅನೇಕರೂ ಅದೇ ದಾರಿ. ಮತ್ತಾಯನ ಸುವಾರ್ತೆಯ 24ನೇ ಅಧ್ಯಾಯದಲ್ಲಿ ಯೇಸು ಸಂಕಟದ ಬಗ್ಗೆ ಹೇಳಿದ್ದರಲ್ಲಿ ಜಾಸ್ತಿ ಭಾಗ ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯ ಕೆಡವಿದಾಗಲೇ ನೆರವೇರಿತು ಅನ್ನುವವರೂ ಇದ್ದಾರೆ. ನನಗೆ ಆಗಸ್ಟೀನರ ಓದು ಸರಿ ಅನಿಸುತ್ತೆ. ಆದರೆ ಡಾರ್ಬಿಯ ದಾರಿ ಹಿಡಿದ ನಿಜವಾದ ಭಕ್ತರನ್ನೂ ಬಲ್ಲೆ.

ನಿಮ್ಮ ಪ್ರಶ್ನೆಯೇ ತಪ್ಪು ಜಾಗದಲ್ಲಿದೆ ಅಂತ ನನಗನಿಸುತ್ತೆ. ಇದರಲ್ಲಿ ಯಾವ ವ್ಯಾಖ್ಯಾನ ಸರಿಯಾದರೂ ಬಿ.ಎಡ್. ಬಿಡು ಅಂತ ಅದರಿಂದ ಹೊರಡುವುದಿಲ್ಲ. ಅಪೊಸ್ತಲ ಪೌಲನ ಕಾಲದ ಥೆಸಲೊನೀಕ ಊರಿನ ಸಭೆಯಲ್ಲೂ ಕರ್ತನ ದಿನ ಬಂದೇಬಿಟ್ಟಿತು ಅನ್ನುವ ಮಾತು ಎದ್ದಿತ್ತು, ಕೆಲವರು ದುಡಿಯದೆ ಕೂತಿದ್ದರು. ಕೆಲಸ ಮಾಡಲೊಲ್ಲದವನು ಊಟವನ್ನೂ ಮಾಡಬಾರದು ಅಂತ ಪೌಲ ಅದೇ ಸಭೆಗೆ ಬರೆದದ್ದು, ಎರಡನೇ ಪತ್ರದ ಮೂರನೇ ಅಧ್ಯಾಯದಲ್ಲಿ. ಗುಂಪಿನವರ ಮುಂದೆ ಅದನ್ನು ಗಟ್ಟಿಯಾಗಿ ಓದಿ. ಓದುವ ಮುಂಚೆ ಫೀಸು ಕಟ್ಟಿ ಬನ್ನಿ, ಮನೆಯವರಿಗೆ ರಸೀದಿ ತೋರಿಸಿ.