ಹೊಸ ಡ್ಯಾಕ್ ಕೊಂಡರೆ ಮನೆಯ ಸ್ಟೀರಿಯೊ ಧ್ವನಿ ಸುಧಾರಿಸುತ್ತದೆಯೇ?

ಪ್ರಶ್ನೆ: ನನ್ನಲ್ಲಿ ಸುಮಾರು 12 ವರ್ಷ ಹಳೆಯ ಸ್ಟೀರಿಯೊ ಆಂಪ್ಲಿಫಯರ್, ಅಷ್ಟೇ ಹಳೆಯ ಸಿ.ಡಿ. ಪ್ಲೇಯರ್ ಮತ್ತು ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್ ಇವೆ. ಲ್ಯಾಪ್‌ಟಾಪ್‌ನಿಂದಲೂ ಕೇಳುವುದುಂಟು. ಕೋಣೆ 10 ಅಡಿ ಅಗಲ, 12 ಅಡಿ ಉದ್ದವಿದೆ. ಹೆಚ್ಚಾಗಿ ಕೇಳುವುದು ಕರ್ನಾಟಕ ಸಂಗೀತ ಕಛೇರಿಗಳನ್ನು. 40,000 ರೂಪಾಯಿಯ ಡ್ಯಾಕ್ (ಡಿಜಿಟಲ್ ಸಂಗೀತವನ್ನು ವಿದ್ಯುತ್ ಸಂಕೇತವಾಗಿಸುವ ಪರಿವರ್ತಕ) ಒಂದನ್ನು ಸೇರಿಸಿದರೆ ಧ್ವನಿ ಬಹಳ ತಿಳಿಯಾಗುತ್ತದೆ ಎಂದು ಗೆಳೆಯರು ಒತ್ತಾಯಿಸುತ್ತಿದ್ದಾರೆ. ಕೊಳ್ಳಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಸಿ.ಡಿ. ಪ್ಲೇಯರ್ ಸುಸ್ಥಿತಿಯಲ್ಲಿದ್ದರೆ, ಆ 40,000 ರೂಪಾಯಿಯಿಂದ ನಿಮ್ಮ ಕಿವಿಗೆ ಗೊತ್ತಾಗುವಷ್ಟು ವ್ಯತ್ಯಾಸವಾಗುವ ಸಂಭವ ತೀರಾ ಕಡಿಮೆ. ಲ್ಯಾಪ್‌ಟಾಪ್‌ನ ವಿಷಯ ಸ್ವಲ್ಪ ಬೇರೆ; ಅದನ್ನು ಮುಂದೆ ನೋಡೋಣ.

ಡ್ಯಾಕ್ ಮಾಡುವ ಕೆಲಸ ಒಂದೇ: ಸಂಖ್ಯೆಗಳ ರೂಪದಲ್ಲಿರುವ ಸಂಗೀತವನ್ನು ಆಂಪ್ಲಿಫಯರ್‌ಗೆ ಬೇಕಾದ ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುವುದು. ನಿಮ್ಮ ಸಿ.ಡಿ. ಪ್ಲೇಯರ್‌ನ ಒಳಗೂ ಲ್ಯಾಪ್‌ಟಾಪ್‌ನ ಒಳಗೂ ಈಗಾಗಲೇ ಒಂದೊಂದು ಡ್ಯಾಕ್ ಇದ್ದೇ ಇದೆ. ಸಿ.ಡಿ.ಯಲ್ಲಿ ಪ್ರತಿ ಸೆಕೆಂಡಿಗೆ 44,100 ಮಾದರಿಗಳಿದ್ದು (ಧ್ವನಿಯ ಕ್ಷಣಕ್ಷಣದ ಅಳತೆಗಳು), ಒಂದೊಂದು ಮಾದರಿಗೂ 16 ಬಿಟ್ ಮೀಸಲಾಗಿರುವುದರಿಂದ ಸುಮಾರು 22,000 ಹರ್ಟ್ಸ್‌ವರೆಗಿನ ನಾದವನ್ನೂ, ಅತಿ ಮೆಲುದನಿಯಿಂದ ಅತಿ ಜೋರಿನವರೆಗೆ ಸುಮಾರು 96 ಡೆಸಿಬೆಲ್ ವ್ಯಾಪ್ತಿಯನ್ನೂ ಅದು ಹಿಡಿದಿಡಬಲ್ಲದು. ಎಳೆಯರ ಕಿವಿಯ ಮಿತಿಯೇ 20,000 ಹರ್ಟ್ಸ್. ನಡುವಯಸ್ಸು ದಾಟಿದ ಬಹುಪಾಲು ಜನರಿಗೆ ಕೇಳುವುದು ಅದಕ್ಕಿಂತ ಎಷ್ಟೋ ಕೆಳಗೇ ನಿಂತುಹೋಗುತ್ತದೆ.

1982ರಲ್ಲಿ ಸಿ.ಡಿ. ಪ್ಲೇಯರ್‌ಗಳು ಮಾರುಕಟ್ಟೆಗೆ ಬಂದಾಗ ಪರಿಸ್ಥಿತಿ ಹೀಗಿರಲಿಲ್ಲ. ಸೋನಿಯ ಮೊದಲ ಪ್ಲೇಯರ್‌ನಲ್ಲಿ ಎಡ ಮತ್ತು ಬಲ ಚಾನೆಲ್‌ಗಳೆರಡೂ ಒಂದೇ ಪರಿವರ್ತಕವನ್ನು ಹಂಚಿಕೊಂಡಿದ್ದವು. ಫಿಲಿಪ್ಸ್ 14 ಬಿಟ್‌ನ ಪರಿವರ್ತಕಗಳನ್ನು ಬಳಸಿ ನಾಲ್ಕು ಪಟ್ಟು ಓವರ್‌ಸ್ಯಾಂಪ್ಲಿಂಗ್‌ನಿಂದ (ಮಾದರಿಗಳ ಸಂಖ್ಯೆಯನ್ನು ಲೆಕ್ಕದಿಂದ ಹೆಚ್ಚಿಸುವ ವಿಧಾನದಿಂದ) ಕೊರತೆಯನ್ನು ತುಂಬಿಕೊಂಡಿತ್ತು. ಒಂದು ಪ್ಲೇಯರ್‌ಗಿಂತ ಇನ್ನೊಂದು ಮೇಲು ಎಂಬ ಮಾತಿಗೆ ಅಂದು ಅರ್ಥವಿತ್ತು. ಇಂದು ಕೆಲವೇ ಸಾವಿರ ರೂಪಾಯಿಯ ಚೆನ್ನಾಗಿ ರೂಪಿಸಿದ ಡ್ಯಾಕ್‌ನಲ್ಲೂ ಧ್ವನಿಯ ವಿರೂಪ ಶೇಕಡಾ 0.01ಕ್ಕಿಂತ ಕಡಿಮೆ. ಅದೇ ಹೊತ್ತಿಗೆ, ಸಣ್ಣ ಸ್ಪೀಕರ್ ಒಂದು ಜೋರಾಗಿ ಮಂದ್ರ ನಾದವನ್ನು ನುಡಿಸುವಾಗ ಅದರ ವಿರೂಪ ಶೇಕಡಾ 1ನ್ನು ಸಲೀಸಾಗಿ ದಾಟುತ್ತದೆ. ಸರಪಳಿಯ ಅತ್ಯಂತ ಶುದ್ಧವಾದ ಕೊಂಡಿಯನ್ನೇ ಇನ್ನಷ್ಟು ಶುದ್ಧಗೊಳಿಸಲು ನೀವು ಹಣ ಕೊಡಹೊರಟಿದ್ದೀರಿ.

ಈ ಬಗ್ಗೆ ಪ್ರಯೋಗಗಳೂ ನಡೆದಿವೆ. 2007ರಲ್ಲಿ ಪ್ರಕಟವಾದ ಮೇಯರ್ ಮತ್ತು ಮೊರಾನ್ ಅವರ ಪರೀಕ್ಷೆಯಲ್ಲಿ, ಹೈ-ರೆಸಲ್ಯೂಶನ್ (ಸಿ.ಡಿ.ಗಿಂತ ಹೆಚ್ಚು ವಿವರ ಹಿಡಿದಿಡುವ) ಡಿಸ್ಕ್‌ಗಳ ಧ್ವನಿಯನ್ನು ನೇರವಾಗಿಯೂ, ಸಿ.ಡಿ. ಗುಣಮಟ್ಟಕ್ಕೆ ಇಳಿಸಿಯೂ ಕೇಳಿಸಲಾಯಿತು. ಕೇಳುಗರು 554 ಸಲದಲ್ಲಿ 276 ಸಲ ಸರಿಯಾಗಿ ಗುರುತಿಸಿದರು, ಅಂದರೆ ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ ಅವರು ಇಂಥ 18 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದಾಗ ಸರಿಯುತ್ತರಗಳ ಪ್ರಮಾಣ ಶೇಕಡಾ 52.3ರಷ್ಟಿತ್ತು, ತರಬೇತಿ ಪಡೆದ ಕೇಳುಗರಲ್ಲಿ ಅದು ಇನ್ನೂ ಹೆಚ್ಚಾಗಿತ್ತು. ಹಾಗಾಗಿ ವ್ಯತ್ಯಾಸ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಕೇಳಿದೊಡನೆ ಗೊತ್ತಾಗುವಂಥದ್ದು ಅದಲ್ಲ ಎಂದಷ್ಟೇ ಹೇಳುತ್ತೇನೆ.

ಹಾಗಿದ್ದರೆ ನಿಮ್ಮ ಗೆಳೆಯರು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ, ಅವರಿಗೆ ನಿಜವಾಗಿಯೂ ಹಾಗೆ ಕೇಳಿಸಿರಬಹುದು. ಸಿ.ಡಿ. ಪ್ಲೇಯರ್ ಸಾಮಾನ್ಯವಾಗಿ 2 ವೋಲ್ಟ್ ಸಂಕೇತ ಕೊಟ್ಟರೆ, ಕೆಲವು ಡ್ಯಾಕ್‌ಗಳು 2.5 ವೋಲ್ಟ್ ಕೊಡುತ್ತವೆ. ಆಂಪ್ಲಿಫಯರ್‌ನ ವಾಲ್ಯೂಮ್ ಮುಟ್ಟದಿದ್ದರೂ ಧ್ವನಿ ಸುಮಾರು 2 ಡೆಸಿಬೆಲ್ ಏರಿಬಿಡುತ್ತದೆ, ಮತ್ತು ಇಷ್ಟು ಸಣ್ಣ ಏರಿಕೆಯನ್ನು ಮನಸ್ಸು ‘ಜೋರು’ ಎಂದು ಗ್ರಹಿಸದೆ ‘ತಿಳಿ’, ‘ತುಂಬು’ ಎಂದು ಗ್ರಹಿಸುತ್ತದೆ. ಮಾದರಿಗಳ ನಡುವಿನ ಸಂಕೇತವನ್ನು ನಯಗೊಳಿಸುವ ಫಿಲ್ಟರ್ ಕೈಬಿಟ್ಟು ತಯಾರಿಸುವ ಕೆಲವು ದುಬಾರಿ ಡ್ಯಾಕ್‌ಗಳೂ ಇವೆ; ಅವುಗಳಲ್ಲಿ ಸಿ.ಡಿ. ಧ್ವನಿಯ 20,000 ಹರ್ಟ್ಸ್ ಸುಮಾರು 3 ಡೆಸಿಬೆಲ್ ಕುಗ್ಗುತ್ತದೆ. ಮೂಲಕ್ಕೆ ನಿಷ್ಠವಲ್ಲದ ಈ ಸಾಧನಗಳಿಗೇ ‘ಸಹಜ ಧ್ವನಿ’ ಎಂಬ ಬಿರುದು ಸಿಗುವುದು ಈ ಕ್ಷೇತ್ರದ ಒಂದು ತಮಾಷೆ.

ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಕಿಂಡಿಯಿಂದ ಆಂಪ್ಲಿಫಯರ್‌ಗೆ ತಂತಿ ಹಾಕಿದಾಗ ಹಿಸ್ ಸದ್ದು, ಮೌಸ್ ಸರಿಸಿದರೆ ಕಿರಿಕಿರಿ, ಚಾರ್ಜರ್ ಜೋಡಿಸಿದರೆ ಗುಂಯ್ ಎನ್ನುವ ಸದ್ದು ಬರುತ್ತಿದ್ದರೆ ಯು.ಎಸ್.ಬಿ. ಡ್ಯಾಕ್ ಖಂಡಿತ ಉಪಯುಕ್ತ. ಅದಕ್ಕೆ ಕೆಲವು ಸಾವಿರ ರೂಪಾಯಿ ಸಾಕು. ಗುಂಯ್ ಸದ್ದು ಆಗಲೂ ಉಳಿದರೆ ಅದು ಗ್ರೌಂಡ್ ಲೂಪ್‌ನಿಂದ (ಉಪಕರಣಗಳ ಅರ್ತ್ ತಂತಿಗಳ ನಡುವೆ ವಿದ್ಯುತ್ ಸುತ್ತುವುದರಿಂದ) ಬರುವ 50 ಹರ್ಟ್ಸ್‌ನ ವಿದ್ಯುತ್ ನಾದವಾಗಿರಬಹುದು. ಹಾಗಾಗಿ ಲ್ಯಾಪ್‌ಟಾಪ್‌ನಲ್ಲಿ ಆಪ್ಟಿಕಲ್ ಕಿಂಡಿ ಇದ್ದರೆ, ಆ ಸಂಪರ್ಕವೂ ಇರುವ ಡ್ಯಾಕನ್ನೇ ಆರಿಸಿಕೊಳ್ಳಿ. ಬೆಳಕಿನ ಮೂಲಕ ಸಂಕೇತ ಸಾಗಿಸುವ ಆ ತಂತಿಯಲ್ಲಿ ವಿದ್ಯುತ್ ಹರಿಯಲು ದಾರಿಯೇ ಇರುವುದಿಲ್ಲ. ಬ್ಲೂಟೂತ್ ಬಳಸುತ್ತಿದ್ದರೆ, ಧ್ವನಿಯನ್ನು ಕುಗ್ಗಿಸಿ ಕಳಿಸುವ ಅದರ ಸಾಮಾನ್ಯ ಎಸ್.ಬಿ.ಸಿ. ವಿಧಾನ ಸೆಕೆಂಡಿಗೆ ಸುಮಾರು 328 ಕಿಲೋಬಿಟ್‌ಗೆ ಮಿತವಾಗಿರುತ್ತದೆ, ಸಿ.ಡಿ.ಯದು 1,411. ಇಲ್ಲಿ ತಂತಿಗೆ ಮರಳುವುದು ಕೆಲವೊಮ್ಮೆ ಕಿವಿಗೇ ಗೊತ್ತಾಗುವ ಸುಧಾರಣೆ.

ಇನ್ನು ನಿಮ್ಮ ಕೋಣೆ. ನೀವು ಅಳತೆಯನ್ನು ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ನಿಜವಾದ ತೊಂದರೆ ಇರುವುದು ಬಹುಶಃ ಅಲ್ಲಿಯೇ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಆ ಲೆಕ್ಕದಲ್ಲಿ 12 ಅಡಿಯ ಉದ್ದ ಸುಮಾರು 47 ಹರ್ಟ್ಸ್‌ಗೂ, 10 ಅಡಿಯ ಅಗಲ ಸುಮಾರು 56 ಹರ್ಟ್ಸ್‌ಗೂ, ಎರಡೂ ಅವುಗಳ ಗುಣಕಗಳಾದ 94, 112ರಂಥ ಕಡೆಗಳಲ್ಲಿಯೂ ಅನುರಣಿಸುತ್ತವೆ. ಆ ಸ್ಥಾನಗಳಲ್ಲಿ ನೀವು ಕುಳಿತ ಜಾಗಕ್ಕೆ ತಕ್ಕಂತೆ ಧ್ವನಿ 10 ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚು ಏರಬಹುದು, ಇಳಿಯಬಹುದು. ಮೃದಂಗದ ಎಡಮುಖದ ನಾದ ಒಮ್ಮೆ ಊದಿಕೊಂಡು, ಒಮ್ಮೆ ಕಾಣೆಯಾಗುವುದು ಇದರಿಂದಲೇ. ಯಾವ ಡ್ಯಾಕ್ ಕೂಡ ಇದನ್ನು ಸರಿಪಡಿಸಲಾರದು.

ಮೊದಲು ಖರ್ಚಿಲ್ಲದ ಕೆಲಸ ಮಾಡಿ. ಸ್ಪೀಕರ್‌ಗಳನ್ನು ಮೂಲೆಯಿಂದ ಹೊರಗೆ ತನ್ನಿ, ಟ್ವೀಟರ್ (ಪೆಟ್ಟಿಗೆಯಲ್ಲಿ ತಾರ ನಾದ ನುಡಿಸುವ ಚಿಕ್ಕ ಭಾಗ) ಕಿವಿಯ ಎತ್ತರಕ್ಕೆ ಬರಲಿ, ಎರಡು ಸ್ಪೀಕರ್‌ಗಳೂ ನೀವು ಕೂರುವ ಜಾಗವೂ ಸೇರಿ ಸಮಬಾಹು ತ್ರಿಕೋನವಾಗಲಿ. ನೆಲ ನುಣುಪಾದ ಟೈಲ್ಸ್ ಆಗಿದ್ದರೆ ಸ್ಪೀಕರ್‌ಗಳ ಮುಂದೆ ದಪ್ಪ ಜಮಖಾನೆ ಹಾಸಿ; ಗಾಯಕರ ಸಾಹಿತ್ಯದ ಅಕ್ಷರಗಳು ಬಿಡಿಸಿ ಕೇಳಲು ಇದು ನೆರವಾಗುತ್ತದೆ. ಅನಂತರವೂ ಡಿಜಿಟಲ್ ಸಾಧನಕ್ಕೇ ಹಣ ಹಾಕಬೇಕೆಂದಿದ್ದರೆ, ಅಳತೆಯ ಮೈಕ್ ಜೊತೆ ಬರುವ, ಕೋಣೆಯ ದೋಷವನ್ನು ಸರಿದೂಗಿಸುವ ಈಕ್ವಲೈಜರ್ ಕೊಳ್ಳಿ. ಸಂಕೇತವನ್ನು ಇದ್ದಂತೆಯೇ ದಾಟಿಸುವ ಡ್ಯಾಕ್‌ಗಿಂತ, ಕೋಣೆಗೆ ತಕ್ಕಂತೆ ಅದನ್ನು ತಿದ್ದುವ ಈ ಸಾಧನದಿಂದಲೇ ಕೇಳಿಸುವಂಥ ಬದಲಾವಣೆ ಬರುತ್ತದೆ. ಊದಿಕೊಂಡ ನಾದವನ್ನು ಅದು ತಗ್ಗಿಸುತ್ತದೆ, ಆದರೆ ಕಾಣೆಯಾದುದನ್ನು ತುಂಬಿಕೊಡಲಾರದು. ಅದಕ್ಕೆ ಕೂರುವ ಜಾಗವನ್ನೇ ಒಂದೆರಡು ಅಡಿ ಬದಲಿಸಬೇಕು.

ಇಷ್ಟಾಗಿಯೂ ಡ್ಯಾಕ್ ಆಸೆ ಉಳಿದರೆ, ಹಿಂದಿರುಗಿಸಲು ಒಪ್ಪುವ ಅಂಗಡಿಯಿಂದ ತನ್ನಿ. ಒಂದೇ ಪರೀಕ್ಷಾ ನಾದವನ್ನು ನುಡಿಸಿ, ಸ್ಪೀಕರ್ ತುದಿಗಳಲ್ಲಿ ಮಲ್ಟಿಮೀಟರ್‌ನಿಂದ ಅಳೆದು, ಹಳೆಯ ಪ್ಲೇಯರ್ ಮತ್ತು ಹೊಸ ಡ್ಯಾಕ್‌ನ ವೋಲ್ಟೇಜ್ ಶೇಕಡಾ 1ರ ಒಳಗೆ ಸಮವಾಗುವಂತೆ ಹೊಂದಿಸಿ. ಮನೆಯವರೊಬ್ಬರು ನಿಮಗೆ ತಿಳಿಸದೆ, ನಾಣ್ಯ ಚಿಮ್ಮಿ ಬಂದಂತೆ 16 ಸಲ ಆರಿಸಿ ಕೇಳಿಸಲಿ. ನೀವು 12 ಅಥವಾ ಅದಕ್ಕಿಂತ ಹೆಚ್ಚು ಸಲ ಸರಿಯಾಗಿ ಹೇಳಿದರೆ ಡ್ಯಾಕನ್ನು ಇಟ್ಟುಕೊಳ್ಳಿ. ಬರಿಯ ಊಹೆಯಿಂದ ಅಷ್ಟು ಸರಿಯಾಗುವ ಸಂಭವ ಶೇಕಡಾ 4ಕ್ಕಿಂತ ಕಡಿಮೆ. ಇಲ್ಲವಾದರೆ ಬಿಲ್ಲಿನೊಂದಿಗೆ ಅಂಗಡಿಗೆ ಮರಳಿಸಿ.