ಎರಡು ಸ್ಟಾರ್ ಕೊಟ್ಟಿದ್ದಕ್ಕೆ ಬೈದಿರೋ ಗ್ಲಾಸ್ಗೋ ಓದುಗರಿಗೆ

ನಮಸ್ಕಾರ. ನಿಮ್ಮ ಪತ್ರ ಎರಡು ಸಲ ಓದ್ದೆ, ಮೊದಲ್ನೇ ಸಲ ಸಿಟ್ಟು ಬಂತು, ಎರಡ್ನೇ ಸಲ ಹೌದಲ್ವಾ ಅನ್ನಿಸ್ತು. ಸ್ಕಾಟ್ಲೆಂಡಿನ ಎಡಿನ್‌ಬರೋಲಿ ಆಗಸ್ಟಲ್ಲಿ ನಡೆಯೋ ಫ್ರಿಂಜ್ ಅನ್ನೋ ಕಲಾ ಉತ್ಸವದಲ್ಲಿ ಪಬ್ ಒಂದರ ನೆಲಮಾಳಿಗೇಲಿ ಶೋ ಮಾಡ್ತಿದ್ದ ಹೊಸ ಕಾಮಿಡಿಯನ್‌ಗೆ ನಮ್ಮ ಪತ್ರಿಕೇಲಿ ಎರಡು ಸ್ಟಾರ್ ಬಂದಿತ್ತು, ಅದೇ ಶೋನ ನೀವು ಹತ್ತು ದಿನ ಆದ್ಮೇಲೆ ನೋಡಿ ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತಂತೆ, "ಬಿಟ್ಟಿ ಟಿಕೆಟಲ್ಲಿ ಹೋಗಿ ಬಡಪಾಯಿ ಹೊಟ್ಟೆ ಮೇಲೆ ಯಾಕ್ರೀ ಹೊಡೀತೀರಾ, ಹೊಗಳಕ್ಕಾಗ್ದಿದ್ರೆ ಸುಮ್ನಿರಿ" ಅಂತ ಕೇಳಿದೀರ.

ಬಿಟ್ಟಿ ಟಿಕೆಟ್ ವಿಷ್ಯ ಮೊದ್ಲು ಮುಗಿಸ್ಬಿಡ್ತೀನಿ. ಪ್ರೆಸ್ ಟಿಕೆಟ್ ಕೊಡೋದು ಅಲ್ಲಿ ರೂಢಿನೇ, ಆದ್ರೆ ಈ ಶೋಗೆ ಟಿಕೆಟ್ಟೇ ಇರ್ಲಿಲ್ಲ. 1996ರಲ್ಲಿ ಪೀಟರ್ ಬಕ್ಲಿ ಹಿಲ್ ಶುರು ಮಾಡಿದ ಫ್ರೀ ಫ್ರಿಂಜ್ ಥರದ್ದು, ಸುಮ್ನೆ ಬಂದು ಕೂರೋದು, ಕೊನೇಲಿ ಕಲಾವಿದರೇ ಬಕೆಟ್ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತಾರೆ. ಆ ರಿವ್ಯೂ ಬರ್ದಿದ್ದ, ಅಲ್ಲೇ ಓದ್ತಿರೋ ನಮ್ಮ ಹುಡುಗಿ ಐದು ಪೌಂಡ್ ಹಾಕೇ ಬಂದಿದ್ಲು.

ಸುಮ್ನಿರಿ ಅಂದಿದ್ದು ಮಾತ್ರ ಒಪ್ಪಲ್ಲ. 1947ರಲ್ಲಿ ಎಡಿನ್‌ಬರೋ ಇಂಟರ್‌ನ್ಯಾಷನಲ್ ಫೆಸ್ಟಿವಲ್‌ಗೆ ಕರೀದೇ ಬಂದ ಎಂಟು ನಾಟಕ ತಂಡಗಳಿಂದ ಹುಟ್ಟಿದ್ದು ಫ್ರಿಂಜ್, ಇವತ್ತಿಗೂ ಆಯ್ಕೆ ಸಮಿತಿ ಅಂತ ಇಲ್ಲ, ಜಾಗ ಸಿಕ್ಕಿದ್ರೆ ಯಾರು ಬೇಕಾದ್ರೂ ಆಡಬಹುದು, ಆಗಸ್ಟಲ್ಲಿ ಮೂರು ಸಾವಿರಕ್ಕೂ ಹೆಚ್ಚು ಶೋ. ಯಾರಾದ್ರೂ ನೋಡ್ಕೊಂಡು ಬಂದು ಇದ್ದದ್ದು ಇದ್ದಂಗೆ ಹೇಳ್ಬೇಕಲ್ವಾ? ಬರೀ ಹೊಗಳಿಕೆ ಹಾಕಿದ್ರೆ ಅದು ಪಾಂಪ್ಲೆಟ್ಟು. ಅಲ್ಲಿನ ರಾಯಲ್ ಮೈಲ್ ಬೀದೀಲಿ ಮಳೇಲಿ ನೆನ್ಕೊಂಡು ಪಾಂಪ್ಲೆಟ್ ಹಂಚೋರನ್ನ ನೋಡಿರ್ತೀರಿ, ಒಳ್ಳೆ ರಿವ್ಯೂ ಬಂದ ಮಾರನೇ ದಿನ ಸ್ಟಾರ್ ಪ್ರಿಂಟ್ ಮಾಡಿರೋ ಚೀಟಿ ಕತ್ತರಿಸಿ ಒಂದೊಂದಕ್ಕೂ ಸ್ಟೇಪ್ಲರ್ ಹೊಡ್ಕೊಂಡು ಕೂತಿರ್ತಾರೆ ಪಾಪ. ಅಷ್ಟು ಬೆಲೆ ಇದೆ ಅದಕ್ಕೆ. 1989ರಲ್ಲಿ ಮಾಲ್ಕಮ್ ಹಾರ್ಡಿ ಅನ್ನೋ ಕಾಮಿಡಿಯನ್ ಅಂತೂ ಇನ್ನೊಬ್ಬ ಕಾಮಿಡಿಯನ್ ಆರ್ಥರ್ ಸ್ಮಿತ್ ಜೊತೆ ಸೇರಿ ತನ್ನ ಶೋಗೆ ತಾನೇ ಭರ್ಜರಿ ರಿವ್ಯೂ ಬರ್ದು ವಿಮರ್ಶಕರೊಬ್ಬರ ಹೆಸರಲ್ಲಿ ದಿ ಸ್ಕಾಟ್ಸ್‌ಮನ್ ಪತ್ರಿಕೆಗೆ ಕಳ್ಸಿದ, ಅವ್ರೂ ಹಾಕ್ಬಿಟ್ರು! (ಅವತ್ತಿಂದ ನಂಗೆ ಬರೋ ಪ್ರತಿ ಹೊಗಳಿಕೆ ಮೇಲೂ ಡೌಟು ಅಂತ ಹೇಳಿದ್ರೆ ಸುಳ್ಳಾಗುತ್ತೆ, ಆಗ ನಾನಿನ್ನೂ ಸ್ಕೂಲಲ್ಲಿದ್ದೆ.)

ಈಗ ನನ್ನ ತಪ್ಪಿಗೆ ಬರ್ತೀನಿ. ನಿಮ್ಮ ಪತ್ರ ಬಂದ್ಮೇಲೆ ಆ ಹುಡುಗಿಯ ಮೂಲ ಬರಹ ತೆಗ್ದು ನೋಡ್ದೆ. ಮೊದಲ ವಾರದ ಮಂಗಳವಾರ, ಮಧ್ಯಾಹ್ನ ಮೂರು ಗಂಟೆ, ಒಳಗೆ ಒಂಬತ್ತು ಜನ, ಅದ್ರಲ್ಲಿ ಇಬ್ರು ಮಳೆ ಅಂತ ಒಳಗೆ ನುಗ್ಗಿದೋರು, ಒದ್ದೆ ಕೋಟೂ ಬಿಚ್ಚಿಲ್ಲ, ಪಕ್ಕದ ರೂಮಿಂದ ಡ್ರಮ್ಸ್ ಸೌಂಡು ಗೋಡೆ ದಾಟಿ ಬರ್ತಿದೆ, ಈತ ಜೋಕ್ ಹೇಳಿ ನಿಲ್ಸಿದ್ ಕಡೆಗೆಲ್ಲ ಡ್ರಮ್ಮೇ ಉತ್ತರ ಕೊಡ್ತಿದೆ. ಎಷ್ಟು ಚೆನ್ನಾಗ್ ಬರ್ದಿದ್ಲು! ಜಾಗ ಸಾಲ್ದು ಅಂತ ಅಷ್ಟನ್ನೂ ಕತ್ತರಿಸಿದ್ದು ನಾನು, ಉಳಿದಿದ್ದು ಎರಡು ಸ್ಟಾರ್ ಮತ್ತೆ "ಟೈಮಿಂಗ್ ಇಲ್ಲ" ಅನ್ನೋ ಮಾತು. ಕಾಮಿಡಿ ಅರ್ಧ ಆಗೋದು ಕೂತಿರೋರ ಕಡೆಯಿಂದ್ಲೇ, ಅವ್ರನ್ನೇ ಎತ್ಬಿಟ್ರೆ ಇನ್ನೇನು ಉಳೀತು?

ಹಂಗಾಗಿ ಬರೋ ಆಗಸ್ಟಿಂದ ಸ್ಟಾರ್ ಇರಲ್ಲ. ಯಾವ ದಿನ, ಎಷ್ಟೊತ್ಗೆ, ಎಷ್ಟು ಜನ ಅನ್ನೋದು ಕಡ್ಡಾಯ, ನಾಟಕಕ್ಕೂ ಅದೇ. ಮ್ಯೂಸಿಕ್‌ಗೆ ಇನ್ನೊಂದು ರೂಲ್, ಮೇನ್ ಬ್ಯಾಂಡ್ ಟೈಮ್‌ಗೆ ಹೋಗಂಗಿಲ್ಲ, ಬಾಗಿಲು ತೆಗ್ದಾಗ್ಲೇ ಒಳಗಿರ್ಬೇಕು. ನಿಮ್ಮೂರಿನ ಕಿಂಗ್ ಟಟ್ಸ್‌ನಲ್ಲೇ ನೋಡಿ, ಮುನ್ನೂರು ಜನ ಹಿಡಿಸೋ ಜಾಗ, 1993ರಲ್ಲಿ ಓಯಸಿಸ್ ಬ್ಯಾಂಡ್ ಅಲ್ಲಿ ಶುರುವಲ್ಲಿ ನುಡಿಸೋ ತಂಡವಾಗಿ ಬಂದಿದ್ದಾಗ್ಲೇ ಕ್ರಿಯೇಷನ್ ರೆಕಾರ್ಡ್ಸ್ ಕಂಪನಿಯ ಅಲನ್ ಮೆಗೀ ಕಣ್ಣಿಗೆ ಬಿದ್ದಿದ್ದು.

ಆ ಎರಡು ಸ್ಟಾರ್ ಮಾತ್ರ ವಾಪಸ್ ತಗೊಳಲ್ಲ, ಅವತ್ತಿನ ಶೋ ಅಷ್ಟೇ ಇತ್ತು ಅಂತ ಅವಳು ಈಗ್ಲೂ ಹೇಳ್ತಾಳೆ. ಆದ್ರೆ ನಿಮ್ಮ ಪತ್ರದಲ್ಲಿ ಮೈಕ್ ಕೆಟ್ಟಾಗ ಆತ ಬಾರ್ ಸ್ಟೂಲ್ ಹತ್ತಿ ಮಾತಾಡಿದ್ದನ್ನ ಬರೆದಿದೀರಲ್ಲ, ಆ ಪ್ಯಾರಾನ ಅವಳ ಪೂರ್ತಿ ಬರಹದ ಪಕ್ಕದಲ್ಲೇ ಮುಂದಿನ ಸಂಚಿಕೇಲಿ ಹಾಕ್ಬೇಕು ಅಂತಿದೀನಿ, ಒಪ್ಪಿಗೆ ಇದ್ರೆ ಒಂದು ಸಾಲು ಬರೀರಿ. ಸಂಭಾವನೆ ಬಕೆಟ್‌ಗೆ ಬಿದ್ದಷ್ಟೇ.