ಮುಡಿ ಎಂದರೆ ಹೆದರಬೇಡಿ

ಕಾಸರಗೋಡಿನಲ್ಲಿ ಇಳಿದವರೇ ಅಂಗಡಿಗಳ ಫಲಕ ನೋಡಿ "ಇಲ್ಲಿ ಕನ್ನಡ ಎಲ್ಲಿದೆ ಮಾರಾಯರೇ?" ಎಂದು ಕೇಳಿದಿರಿ. ಮಂಜೇಶ್ವರದ ಗೋವಿಂದ ಪೈಗಳ ಮನೆಯನ್ನೋ ಯಾವುದಾದರೂ ಕನ್ನಡ ಶಾಲೆಯನ್ನೋ ತೋರಿಸಬಹುದಿತ್ತು. ನಾನು ನಿಮ್ಮನ್ನು ಕುಂಬಳೆ–ಬದಿಯಡ್ಕ ರಸ್ತೆಯ ಒಂದು ಸೆಲೂನಿಗೆ ಕರೆದೊಯ್ದೆ. ನಿಮಗೆ ಅದು ವಿಚಿತ್ರ ಅನಿಸಿತು ಎಂದು ಗೊತ್ತು.

ಮೊದಲು ನಿಮ್ಮ ಹೆದರಿಕೆಯ ವಿಷಯ. ಒಳಗೆ ಕಾಲಿಟ್ಟ ಕೂಡಲೇ ಅಲ್ಲಿನ ಕ್ಷೌರಿಕರು, ನಾವೆಲ್ಲ ಅಣ್ಣ ಎಂದು ಕರೆಯುವವರು, "ಮುಡಿ ವೆಟ್ಟಣೋ?" ಎಂದರು, ನಿಮ್ಮ ಕೈ ತಾನಾಗಿ ತಲೆಗೆ ಹೋಯಿತು. ಮುಡಿ ಎಂದರೆ ನಿಮಗೆ ತಿರುಪತಿಯ ಹರಕೆ. ಮಲಯಾಳದಲ್ಲಿ ಅದು ಬರೀ ಕೂದಲು, ಕೂದಲು ಕತ್ತರಿಸಬೇಕೇ ಎಂದು ಅವರು ಕೇಳಿದ್ದು ಅಷ್ಟೇ. ತುಳುವಿನಲ್ಲಿ ಕೂದಲಿಗೆ ಕೂಜಲ್; ಮುಡಿ ಎಂದರೆ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿ. ತೆಯ್ಯಂ ಕಟ್ಟುವವರಿಗೆ ಅದೇ ಮುಡಿ ದೈವದ ತಲೆಯ ಮೇಲೆ ಏರುವ ಅಲಂಕಾರ. ಆ ಅಂಗಡಿಯ ಬೆಂಚಿನಲ್ಲಿ ಈ ಎಲ್ಲ ಮುಡಿಗಳವರೂ ಒಟ್ಟಿಗೆ ಕುಳಿತು ಸರದಿ ಕಾಯುತ್ತಾರೆ.

ನೀವು "ಏನು?" ಎಂದದ್ದೇ ತಡ, ಅವರು ಕನ್ನಡಕ್ಕೆ ಬಂದರು. ಹೊಸಬರಿಗೆ ಮಾತ್ರ ಅವರು ಮಲಯಾಳದಿಂದ ಸುರುಮಾಡುವುದು. ನಮ್ಮಂಥವರು ಬಾಗಿಲಲ್ಲಿ ಕಂಡಾಗಲೇ ಭಾಷೆ ತೀರ್ಮಾನವಾಗಿರುತ್ತದೆ. ಅಡಿಕೆ ತೋಟದ ಹವ್ಯಕರು ಬಂದರೆ "ಬನ್ನಿ ಭಾವ", ಬ್ಯಾರಿ ಮುಸ್ಲಿಮರ ಹಿರಿಯರಿಗೆ ಬ್ಯಾರಿ ಭಾಷೆ, ನೀಲೇಶ್ವರದ ಕಡೆಯವರಿಗೆ ಮಲಯಾಳದಲ್ಲಿ ಅಣ್ಣಾ ಎನ್ನುವ "ಏಟ್ಟಾ", ಉಳಿದವರಲ್ಲಿ ಹೆಚ್ಚಿನವರಿಗೆ ತುಳು. ಒಬ್ಬರ ಗಡ್ಡಕ್ಕೆ ಸಾಬೂನು ಹಚ್ಚುತ್ತ ಇನ್ನೊಬ್ಬರಿಗೆ ಉತ್ತರ ಕೊಡುವಾಗ ಒಂದೇ ವಾಕ್ಯದಲ್ಲಿ ಎರಡು ಭಾಷೆ ಬದಲಾದದ್ದನ್ನು ನಾನೇ ಕೇಳಿದ್ದೇನೆ. ಕಾಸರಗೋಡು ಏಳು ಭಾಷೆಗಳು ಕೂಡುವ ಸಪ್ತಭಾಷಾ ಸಂಗಮ ಎಂದು ನಾವು ವೇದಿಕೆಯಲ್ಲಿ ಭಾಷಣ ಬಿಗಿಯುತ್ತೇವೆ. ಅವರು ಹಾಗೆಲ್ಲ ಹೇಳಿದವರಲ್ಲ.

ಅವರ ಅಜ್ಜ ಕತ್ತರಿ ಹಿಡಿದಾಗ ಈ ಊರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ಕ್ಕೆ ಕೇರಳವಾಯಿತು, ಮರುವರ್ಷ ಕಣ್ಣೂರು ಜಿಲ್ಲೆಯಾಯಿತು, 1984ರ ಮೇ 24ರಂದು ಕಾಸರಗೋಡು ಜಿಲ್ಲೆ. ಚಂದ್ರಗಿರಿ ಹೊಳೆಯ ಬಡಗು ದಡವೆಲ್ಲ ಕರ್ನಾಟಕಕ್ಕೆ ಸೇರಬೇಕು ಎಂದು ಗಡಿ ವಿವಾದಕ್ಕೆಂದು ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಹೇಳಿದ್ದು ಹೇಳಿದ ಹಾಗೇ ಉಳಿಯಿತು. ಮರದ ಕುರ್ಚಿ ಹೋಗಿ ತಿರುಗುವ ಕುರ್ಚಿ ಬಂದದ್ದು ಬಿಟ್ಟರೆ ಅಂಗಡಿ ಇದ್ದಲ್ಲೇ ಇದೆ.

ಇಷ್ಟು ಹೇಳಿ ಅವರ ಕೈಯ ಬಗ್ಗೆ ಹೇಳದಿದ್ದರೆ ಅನ್ಯಾಯ. ಮಾತು ಬಲ್ಲ ಕ್ಷೌರಿಕರು ಎಲ್ಲ ಊರಿನಲ್ಲೂ ಇದ್ದಾರೆ.

ನನ್ನ ಮಗನ ತಲೆಯಲ್ಲಿ ಎರಡು ಸುಳಿ. ಎರಡು ಮದುವೆ ಎಂದು ಅಜ್ಜಿ ನಗುತ್ತಿದ್ದರು, ಆದರೆ ಕಷ್ಟ ಕೂದಲಿನದು. ಪೇಟೆಯ ಒಂದು ಹೊಸ ಅಂಗಡಿಯಲ್ಲಿ ಯಂತ್ರ ಓಡಿಸಿ ಎಂಟು ನಿಮಿಷದಲ್ಲಿ ಮುಗಿಸಿದರು. ಮರುದಿನ ಬೆಳಿಗ್ಗೆ ಹುಡುಗನ ನೆತ್ತಿ ಮುಳ್ಳುಹಂದಿಯ ಬೆನ್ನು. ನಮ್ಮ ಅಣ್ಣ ಕತ್ತರಿ ಮುಟ್ಟುವ ಮೊದಲು ಒಣ ಕೂದಲಿನಲ್ಲೇ ಬೆರಳಾಡಿಸಿ ಎರಡೂ ಸುಳಿ ಯಾವ ಕಡೆ ತಿರುಗುತ್ತವೆ ಎಂದು ನೋಡುತ್ತಾರೆ. ಸುಳಿಯ ಹತ್ತಿರ ಗಿಡ್ಡ ಮಾಡಿದಷ್ಟೂ ಕೂದಲು ಸೆಟೆದು ನಿಲ್ಲುತ್ತದೆ. ಅಲ್ಲಿ ಅರ್ಧ ಅಂಗುಲ ಹೆಚ್ಚು ಬಿಟ್ಟರೆ ತನ್ನ ಭಾರಕ್ಕೆ ತಾನೇ ಮಲಗುತ್ತದೆ. ಸುತ್ತಲಿನದನ್ನು ಬಾಚಣಿಗೆಯ ಮೇಲೆ ಎತ್ತಿ ಎತ್ತಿ ಇಳಿಸುತ್ತ ಬರುತ್ತಾರೆ. ಕೊನೆಗೆ ಬ್ಲೇಡನ್ನು ಎರಡು ತುಂಡು ಮಾಡಿ, ಅರ್ಧವನ್ನು ಕತ್ತಿಗೆ ಸಿಕ್ಕಿಸಿ, ಕಿವಿಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಮಡಚಿ ಹಿಂದಿನ ಗೆರೆ ಎಳೆಯುವಾಗ ಮಾತ್ರ ಅವರು ಯಾವ ಭಾಷೆಯಲ್ಲೂ ಮಾತನಾಡುವುದಿಲ್ಲ. ಬೆಂಚಿನವರೂ ಆಗ ಸ್ವಲ್ಪ ತಗ್ಗಿದ ಸ್ವರದಲ್ಲೇ ಮಾತಾಡುತ್ತಾರೆ.

ಇವರ ವರ್ಷದ ಲೆಕ್ಕವೂ ಬೇರೆ. ನವೆಂಬರಿನಲ್ಲಿ ಶಬರಿಮಲೆಗೆ ಮಾಲೆ ಹಾಕಿದವರು 41 ದಿನ ಗಡ್ಡ ಬಿಡುತ್ತಾರೆ, ಆಗ ಕುರ್ಚಿ ಖಾಲಿ. ಅದೇ ಹೊತ್ತಿಗೆ ಯಕ್ಷಗಾನ ಮೇಳಗಳು ತಿರುಗಾಟ ಹೊರಡುತ್ತವೆ. ಸ್ತ್ರೀವೇಷದವರಿಗೆ ಬಣ್ಣ ಸರಿಯಾಗಿ ಕೂರಬೇಕಾದರೆ ಕೆನ್ನೆ ನುಣ್ಣಗಿರಬೇಕು, ಅವರು ಹುಡುಕಿಕೊಂಡು ಬರುವುದು ಇವರನ್ನೇ. ಮೇ ಕೊನೆಗೆ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದು ಗೆಜ್ಜೆ ಬಿಚ್ಚಿದ ಮೇಲೆ ಅದೇ ಕಲಾವಿದರು ಅವಸರವಿಲ್ಲದೆ ಬಂದು ಕೂರುತ್ತಾರೆ. ಈದ್ ಹಿಂದಿನ ರಾತ್ರಿ ಅಂಗಡಿಯ ದೀಪ ನಡುರಾತ್ರಿ ದಾಟಿದರೂ ಆರುವುದಿಲ್ಲ. ದುಬೈಯಿಂದ ರಜೆಗೆ ಬಂದವರಂತೂ ಮೊಬೈಲಿನಲ್ಲಿ ಯಾವನೋ ಫುಟ್‌ಬಾಲ್ ಆಟಗಾರನ ಚಿತ್ರ ತೋರಿಸುತ್ತಾರೆ. ಅಣ್ಣ ಚಿತ್ರವನ್ನು ನೋಡಿ, ತಲೆಯನ್ನು ನೋಡಿ, "ಇವನಿಗೆ ನೆತ್ತಿಯಲ್ಲಿ ಕೂದಲುಂಟು" ಎಂದು ಅವರವರ ಭಾಷೆಯಲ್ಲಿ ಮೆಲ್ಲಗೆ ತಿಳಿಸುತ್ತಾರೆ. ಯಾರೂ ಸಿಟ್ಟು ಮಾಡಿಕೊಂಡದ್ದನ್ನು ನಾನು ಕಂಡಿಲ್ಲ.

ಫಲಕದ ಬಗ್ಗೆ ನೀವು ಕೇಳಿದ್ದು ಮರೆತಿಲ್ಲ. ಮಲಯಾಳದಲ್ಲಿ ದೊಡ್ಡದಾಗಿ, ಕೆಳಗೆ ಕನ್ನಡದಲ್ಲಿ ಸಣ್ಣದಾಗಿ, ಅದೂ ಒಂದು ಒತ್ತಕ್ಷರ ತಪ್ಪಿ. ತಿದ್ದಿಸಿ ಎಂದು ನಾನೇ ಎರಡು ಸಲ ಹೇಳಿದೆ. "ಬೋರ್ಡು ಓದಿ ನೀವು ಬಂದಿರಾ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಮುಂದಿನ ಸಲ ಬರುವಾಗ ಮಧ್ಯಾಹ್ನ ಮೂರರ ಮೇಲೆ ಬನ್ನಿ, ಸರದಿ ಬೇಗ ಸಿಗುತ್ತದೆ. ಮಂಗಳವಾರ ಬೇಡ. ಅಂದು ರಾಜ್ಯಗಳ ಗಡಿಯಾದ ತಲಪಾಡಿಯ ಆಚೆಗೂ ಈಚೆಗೂ ಸೆಲೂನುಗಳ ಬಾಗಿಲು ಮುಚ್ಚಿರುತ್ತದೆ.